ಅಡಿಟಿಪ್ಪಣಿ ಇಲ್ಲದ ಸಾಲು

ಆರ್‌ಪಿಸಿ ಲೇಔಟಿನ ಪಾರ್ಕಿನಲ್ಲಿ ಬೆಳಿಗ್ಗೆ ಆರೂವರೆಗೆ ಎಂಟು ಮಂದಿ ನಿವೃತ್ತರು ಮೂರು ಸುತ್ತು ನಡೆಯುತ್ತಾರೆ. ಆಮೇಲೆ ಒಂದೂವರೆ ಗಂಟೆ ಕಲ್ಲುಬೆಂಚಿನ ಮೇಲೆ ಕೂತು ಜಗತ್ತನ್ನು ನಡೆಸುತ್ತಾರೆ. ಅವರಲ್ಲಿ ಒಬ್ಬರು ನನ್ನ ಅಪ್ಪ ರೇವಣಸಿದ್ದಪ್ಪ, ಸಹಕಾರ ಇಲಾಖೆಯಿಂದ ನಿವೃತ್ತರಾದವರು. ಮೊದಲೆಲ್ಲ ಇವರ ಮಾತು ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಯಾರ ಗೇಟಿನ ಮುಂದೆ ಯಾರು ಕಾರು ನಿಲ್ಲಿಸಿದರು ಎಂಬಷ್ಟರಲ್ಲೇ ಮುಗಿಯುತ್ತಿತ್ತು. ಎರಡು ವರ್ಷದ ಹಿಂದೆ ಯಾರೋ ಪುಣ್ಯಾತ್ಮ, ಮೊಬೈಲಿನಲ್ಲೇ ಅಮೆರಿಕದ ಷೇರು ಕೊಳ್ಳಬಹುದು ಎಂದು ಅವರಿಗೆ ತೋರಿಸಿಕೊಟ್ಟ. ಅಂದಿನಿಂದ ಎಂಟೂ ಜನ ಚಿಪ್ ತಜ್ಞರಾದರು. ಟಿವಿ ರಿಮೋಟಿಗೆ ಸೆಲ್ ಹಾಕಲು ಮೊಮ್ಮಕ್ಕಳನ್ನು ಕರೆಯುವವರು, ಯಾವ ಚಿಪ್ ಕಂಪನಿ ಇನ್ನು ಹತ್ತು ವರ್ಷ ಬೆಳೆಯುತ್ತದೆ ಎಂದು ವಾಗ್ವಾದಕ್ಕೆ ಇಳಿದರು.

ಆ ಎರಡು ಕಂಪನಿಗಳ ನಿಜವಾದ ಹೆಸರು ಇಲ್ಲಿ ಬೇಡ. ಪಾರ್ಕಿನಲ್ಲಿ ಅವಕ್ಕೆ ಗಿರಣಿ ಮತ್ತು ನಕ್ಷೆ ಎಂದು ಹೆಸರಾಗಿತ್ತು. ಹೆಸರಿಟ್ಟವರು ಕೊಟ್ರಪ್ಪನವರು. ಚಂದ್ರಾ ಲೇಔಟಿನಲ್ಲಿ ಅವರದು ಮೂವತ್ತು ವರ್ಷ ಹಿಟ್ಟಿನ ಗಿರಣಿ ಇತ್ತು. ಒಂದು ಕಂಪನಿ ತನ್ನ ಚಿಪ್‌ಗಳನ್ನು ತನ್ನದೇ ಕಾರ್ಖಾನೆಯಲ್ಲಿ ತಯಾರಿಸುತ್ತದೆ, ಅದು ಗಿರಣಿ. ಇನ್ನೊಂದು ಬರೀ ನಕ್ಷೆ ಬರೆದು, ಬೇರೆಯವರ ಕಾರ್ಖಾನೆಗೆ ಕೊಟ್ಟು ಮಾಡಿಸಿಕೊಳ್ಳುತ್ತದೆ, ಅದು ನಕ್ಷೆ. ಕೊಟ್ರಪ್ಪನವರ ಅರ್ಥಶಾಸ್ತ್ರ ಒಂದೇ ಸಾಲಿನದು: ಸ್ವಂತ ಗಿರಣಿ ಇದ್ದವನೇ ಸಾಹುಕಾರ, ಬೇರೆಯವರ ಗಿರಣಿಯ ಮುಂದೆ ಡಬ್ಬಿ ಹಿಡಿದು ನಿಂತವನು ಎಂದಿದ್ದರೂ ಗಿರಾಕಿ. ಉಳಿದ ಏಳು ಜನ ಇದಕ್ಕೆ ಗಂಭೀರವಾಗಿ ತಲೆ ಆಡಿಸುತ್ತಿದ್ದರು.

ನನ್ನ ಹೊಟ್ಟೆಪಾಡೇ ಇದು. ಏಳು ವರ್ಷದಿಂದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಚಿಪ್ ಕಂಪನಿಗಳ ಲೆಕ್ಕಪತ್ರ ಓದಿ, ಯಾವುದರಲ್ಲಿ ಹಣ ಹಾಕಬಹುದು, ಯಾವುದರಿಂದ ದೂರ ಇರಬೇಕು ಎಂದು ವಿದೇಶದ ಗಿರಾಕಿಗಳಿಗೆ ವರದಿ ಬರೆಯುತ್ತೇನೆ. ಒಬ್ಬರಾದರೂ ನನ್ನನ್ನು ಕೇಳಿದರೇ? ಇಲ್ಲ. ಹಿತ್ತಲ ಗಿಡ ಮದ್ದಲ್ಲ. ಅಪ್ಪ ಮನೆಗೆ ಬಂದು, ಯೂಟ್ಯೂಬಿನಲ್ಲಿ ಕಿರುಚುವ ಒಬ್ಬ ಹುಡುಗ ಹೀಗೆ ಹೇಳಿದ, ಹಾಗೆ ಹೇಳಿದ ಎಂದು ನನಗೇ ಪಾಠ ಮಾಡುತ್ತಿದ್ದರು. ಒಂದು ದಿನ ಪಿತ್ತ ನೆತ್ತಿಗೇರಿ, ಈ ಎಂಟು ಜನರ ಬಾಯಿ ಒಮ್ಮೆಗೇ ಮುಚ್ಚಿಸುತ್ತೇನೆ ಎಂದು ಎರಡು ಕಂಪನಿಗಳ ಹತ್ತು ವರ್ಷದ ಹೋಲಿಕೆಯನ್ನು ಕನ್ನಡದಲ್ಲಿ ಬರೆದೆ. ಎಂಟು ಪುಟ. ಅದರಿಂದಲೇ ನನ್ನ ಮದುವೆಯ ಮಾತು ಕೆಟ್ಟಿತು. ಮೂವತ್ತೊಂದು ವರ್ಷದಲ್ಲಿ ನನಗೆ ನಿಜವಾಗಿ ಬೇಕು ಅನಿಸಿದ್ದ ಒಬ್ಬನೇ ಒಬ್ಬ ಹುಡುಗ ಆ ಎಂಟು ಪುಟ ಓದಿ ಹಿಂದೆ ಸರಿದ.

ವರದಿ ಚೆನ್ನಾಗಿತ್ತು. ಈಗಲೂ ಹೇಳುತ್ತೇನೆ, ಚೆನ್ನಾಗಿತ್ತು. ಗಿರಣಿಯ ಮಾರಾಟ ಹತ್ತು ವರ್ಷದ ಹಿಂದೆ ಎಷ್ಟಿತ್ತೋ ಇಂದೂ ಹೆಚ್ಚುಕಡಿಮೆ ಅಷ್ಟೇ. ನಕ್ಷೆಯದು ಇಪ್ಪತ್ತು ಪಟ್ಟು. ಆಗ ನೂರು ರೂಪಾಯಿ ಮಾರಾಟವಾದರೆ ತಯಾರಿಕೆಯ ಖರ್ಚು ಕಳೆದು ಗಿರಣಿಗೆ ಅರವತ್ತೆರಡು ಉಳಿಯುತ್ತಿತ್ತು, ಈಗ ಮೂವತ್ತೈದು. ನಕ್ಷೆಗೆ ಐವತ್ತಾರು ಉಳಿಯುತ್ತಿದ್ದದ್ದು ಎಪ್ಪತ್ತನಾಲ್ಕಾಗಿತ್ತು. ಸ್ವಂತ ಕಾರ್ಖಾನೆ ಎಂಬುದು ತುಂಬ ಕೆಲಸ ಇದ್ದಾಗ ಮಾತ್ರ ಆಸ್ತಿ, ಕೆಲಸ ಕಡಿಮೆಯಾದ ದಿನ ಅದೇ ಹೊರೆ ಎಂದು ಕೊಟ್ರಪ್ಪನವರಿಗೂ ಅರ್ಥವಾಗುವಂತೆ ಬಿಡಿಸಿ ಬರೆದೆ. ನಕ್ಷೆಯ ಷೇರು ದುಬಾರಿ, ಅದರ ದೊಡ್ಡ ಗಿರಾಕಿಗಳು ಬೆರಳೆಣಿಕೆಯಷ್ಟು, ಅವರಲ್ಲಿ ಇಬ್ಬರು ಕೈ ಬಿಟ್ಟರೂ ಕಷ್ಟ ಎಂಬುದನ್ನೂ ಮುಚ್ಚಿಡಲಿಲ್ಲ. ಕಚೇರಿಯ ಒಂದು ಗುಟ್ಟನ್ನೂ ಬಳಸಲಿಲ್ಲ, ಎಲ್ಲ ಕಂಪನಿಗಳೇ ಪ್ರಕಟಿಸಿದ್ದು. ಪ್ರತಿ ಅಂಕಿಗೂ ಪುಟದ ಕೆಳಗೆ ಅಡಿಟಿಪ್ಪಣಿ ಕೊಟ್ಟು, ಅದು ಎಲ್ಲಿಂದ ಬಂತು ಎಂದು ತೋರಿಸಿದ್ದೆ. ಒಟ್ಟು ನಲವತ್ತೊಂದು. ಮೂಲವಿಲ್ಲದ ಮಾತನ್ನು ನಾನು ಬರೆಯುವುದಿಲ್ಲ ಎಂದು ಕಚೇರಿಯಲ್ಲಿ ಹೊಸಬರಿಗೆ ಹೇಳಿಕೊಡುವವಳೇ ನಾನು.

ಆರನೇ ಪುಟದಲ್ಲಿ ಗಿರಣಿಯ ಒಂದು ಹೊಸ ಚಿಪ್‌ನ ಮಾತು ಬರುತ್ತದೆ. ಅದರ ಬಿಡುಗಡೆಯನ್ನು ನಾಲ್ಕು ಸಲ ಮುಂದೂಡಿದ್ದರು. ಅದನ್ನು ಸಿದ್ಧಪಡಿಸುತ್ತಿದ್ದ ಒಂದು ತಂಡ ಬೆಂಗಳೂರಿನಲ್ಲೇ ಇತ್ತು. ನಾಲ್ಕೂ ತಾರೀಖುಗಳನ್ನು, ನಾಲ್ಕೂ ನೆಪಗಳನ್ನು ಕೊಟ್ಟ ಮೇಲೆ ಪುಟದ ಕೊನೆಗೆ ಒಂದಿಷ್ಟು ಜಾಗ ಉಳಿಯಿತು. ಅಲ್ಲಿ ಹೀಗೆ ಬರೆದೆ: 'ಈ ತಂಡದಿಂದ ಕೈಲಾಗುವವರೆಲ್ಲ ಎಂದೋ ಎದ್ದುಹೋಗಿದ್ದಾರೆ, ಇನ್ನೂ ಅಲ್ಲೇ ಕೂತಿರುವವರು ಬೇರೆಲ್ಲೂ ಯಾರೂ ಕರೆಯದವರು.' ಬರೆದು ಒಬ್ಬಳೇ ನಕ್ಕೆ.

ಪಾರ್ಕಿನವರು ಎಂಟು ಪುಟದಲ್ಲಿ ಕೊನೆಯ ಪುಟ ಮಾತ್ರ ಓದಿದರು. ಐದು ಜನ ನಕ್ಷೆ ಕೊಂಡರು, ಇಬ್ಬರು ಹೆಂಡತಿಯನ್ನು ಕೇಳಿ ಹೇಳುತ್ತೇವೆ ಎಂದರು. ಕೊಟ್ರಪ್ಪನವರು ಮಾತ್ರ ನನ್ನ ಎದುರಿಗೇ ಗಿರಣಿ ಕೊಂಡರು.

ಅದಾಗಿ ಎರಡು ತಿಂಗಳಿಗೆ ದುಂಡೇಶ ಬಂದ. ನಮ್ಮ ಕಡೆಯ ಮದುವೆ ದಲ್ಲಾಳಿ. ಅವನ ಫೋನಿನಲ್ಲಿ ಮುನ್ನೂರು ಬಯೋಡೇಟಾ ಇವೆ. ಹುಡುಗರ ಹೆಸರು ಅವನಿಗೆ ನೆನಪಿರುವುದಿಲ್ಲ, ಪ್ಯಾಕೇಜು ನೆನಪಿರುತ್ತದೆ. 'ಮೂವತ್ತೆರಡು ಲಕ್ಷ, ರಾಜರಾಜೇಶ್ವರಿನಗರ' ಎಂದು ಅವನು ತೋರಿಸಿದ ಹುಡುಗನ ಹೆಸರು ಶಿವಕಿರಣ್, ವಯಸ್ಸು ಮೂವತ್ತನಾಲ್ಕು, ತಂದೆ ತಾಯಿ ದಾವಣಗೆರೆಯವರು. ಕಂಪನಿಯ ಹೆಸರು ನೋಡಿದೆ. ಗಿರಣಿ. ಮುಳುಗುವ ಹಡಗಿನಿಂದ ನನಗೊಬ್ಬ ವರನನ್ನು ಎತ್ತಿ ತಂದಿದ್ದಾನೆ ಎಂದು ದುಂಡೇಶನ ಮೇಲೆ ಕನಿಕರ ಬಂತು. ಆದರೂ ಅವ್ವನ ಕಾಟ ತಾಳಲಾರದೆ ಭಾನುವಾರ ಬರಲಿ ಎಂದೆ.

ಅವನು ಬಂದ. ನೋಡುವ ಶಾಸ್ತ್ರಕ್ಕೆ ಬಂದ ಗಂಡಸರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಸೋಫಾದ ತುದಿಯಲ್ಲಿ ಕೂತು ಫ್ಲಾಟಿನ ಚದರಡಿ ಹೇಳುವವರು, ನನ್ನ ಸಂಬಳ ಕೇಳಿ ಅಮ್ಮನ ಮುಖ ನೋಡುವವರು. ಇವನು ಅವ್ವ ಮಾಡಿದ ಗಿರಮಿಟ್ ಅನ್ನು ಇನ್ನೊಂದು ಸಲ ಹಾಕಿಸಿಕೊಂಡು ತಿಂದ. ಆಮೇಲೆ ಟೀಪಾಯಿಯ ಮೇಲಿದ್ದ ಕಸೂತಿ ಬಟ್ಟೆಯ ಮೂಲೆಯನ್ನು ಎರಡು ಬೆರಳಲ್ಲಿ ಎತ್ತಿ ತಿರುಗಿಸಿ ಹಿಂದುಗಡೆ ನೋಡಿದ. ಹಿಂದೆಯೂ ಮುಂದಿನ ಹಾಗೇ ಇದೆಯಲ್ಲ ಎಂದು ಅವ್ವನನ್ನು ಕೇಳಿದ. ಮೂವತ್ತು ವರ್ಷದಿಂದ ಆ ಬಟ್ಟೆ ಅಲ್ಲೇ ಇದೆ. ಅದನ್ನು ತಿರುಗಿಸಿ ನೋಡಿದ ಮೊದಲ ಮನುಷ್ಯ ಅವನು. ನನ್ನ ಅವ್ವ ಬಸವ್ವ, ಗದಗಿನವಳು, ಕಸೂತಿಯಲ್ಲಿ ಎಲ್ಲೂ ಗಂಟು ಹಾಕಬಾರದು, ದಾರ ಹೋದ ದಾರಿಯಲ್ಲೇ ವಾಪಸು ಬರಬೇಕು ಎಂದು ಹತ್ತು ನಿಮಿಷ ಹೇಳಿದಳು. ಅವನು ಹತ್ತೂ ನಿಮಿಷ ಕೇಳಿದ.

ಆಮೇಲೆ ನಮ್ಮಿಬ್ಬರನ್ನು ಟೆರೇಸಿಗೆ ಕಳಿಸಿದರು. ನಿಮ್ಮ ಕೆಲಸ ಏನು ಎಂದು ಕೇಳಿದೆ. ಫ್ಯಾಕ್ಟರಿಯಿಂದ ಚಿಪ್ ಬಂದ ಮೇಲೆ ಅದು ಯಾಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಹುಡುಕುವುದು ಅಂದ. ಒಂದು ತಪ್ಪನ್ನು ಹನ್ನೊಂದು ತಿಂಗಳು ಹುಡುಕಿದ್ದರಂತೆ.

"ಸಿಕ್ತಾ?" ಎಂದೆ.

"ಸಿಕ್ತು. ಅದರ ಹಿಂದೆ ಇನ್ನೊಂದಿತ್ತು."

ಹೇಳಿ ನಕ್ಕ. ತನ್ನ ಸೋಲನ್ನು ಹೇಳಿ ನಗುವ ಗಂಡಸನ್ನು ನಾನು ಅದೇ ಮೊದಲು ನೋಡಿದ್ದು. ಅದು ಯಾವ ಚಿಪ್ ಎಂದು ನಾನು ಕೇಳಲಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತದಲ್ಲ, ಅದಕ್ಕೇ ಕೇಳಲಿಲ್ಲ.

ಮುಂದಿನ ಶನಿವಾರ ಅವನು ಮೆಟ್ರೊದಲ್ಲಿ ಅತ್ತಿಗುಪ್ಪೆಗೆ ಬಂದ. ಚಂದ್ರಾ ಲೇಔಟಿನವರೆಗೆ ನಡೆದು ಹೋಗಿ ಒಂದು ದರ್ಶಿನಿಯಲ್ಲಿ ನಿಂತು ದೋಸೆ ತಿಂದೆವು. ಎರಡೂವರೆ ಗಂಟೆ ಮಾತಾಡಿದೆವು. ನಾನು ಯಾರನ್ನೂ ಆಡಿಕೊಳ್ಳದೆ ಎರಡೂವರೆ ಗಂಟೆ ಕಳೆದದ್ದು ಮನೆಗೆ ಬಂದ ಮೇಲೆ ಗಮನಕ್ಕೆ ಬಂತು. ನನಗೆ ಅವನು ಬೇಕಾಗಿತ್ತು. ಅವ್ವನಿಗೆ ಹೂಂ ಎಂದೆ. ಅವಳು ಅಡುಗೆಮನೆಯಲ್ಲೇ ನಿಂತು ಕೈ ಮುಗಿದಳು. ಅಪ್ಪ ಸಂಭ್ರಮದಲ್ಲಿ ಪಾರ್ಕಿಗೆ ಎರಡು ಸಲ ಹೋಗಿಬಂದರು.

ಆಮೇಲೆ ಸುದ್ದಿಯೇ ಇಲ್ಲ. ನನ್ನ ಮೆಸೇಜಿಗೆ ಮೊದಲು ಒಂದು ದಿನ ಬಿಟ್ಟು, ಆಮೇಲೆ ಮೂರು ದಿನ ಬಿಟ್ಟು, ಸ್ವಲ್ಪ ಕೆಲಸ ಇದೆ ಎಂಬ ಉತ್ತರ. ಹನ್ನೆರಡನೇ ದಿನ ದುಂಡೇಶ ಫೋನ್ ಮಾಡಿ, ಹುಡುಗ ಸದ್ಯಕ್ಕೆ ಬೇಡ ಅಂತಾನೆ, ನನ್ನ ಹತ್ತಿರ ನಲವತ್ತೈದು ಲಕ್ಷದ್ದು ಒಂದಿದೆ ಎಂದ.

ನನಗೆ ತಕ್ಷಣ ಅಪ್ಪನ ಮೇಲೆ ಅನುಮಾನ ಬಂತು. ಪಾರ್ಕಿನ ಸಭೆ ಸೇರಿ ಹುಡುಗನ ಬಳಿ ಷೇರು ಎಷ್ಟಿವೆ, ಕಂಪನಿ ಎಷ್ಟು ದಿನ ಇರುತ್ತದೆ ಎಂದು ವಿಚಾರಿಸಿ, ಮಾನ ಕಳೆದಿದ್ದಾರೆ ಎಂದುಕೊಂಡೆ. ನೇರ ಹೋಗಿ ಕೇಳಿದೆ, ಅವರ ಮನೆಯವರ ಹತ್ತಿರ ಏನು ಕೇಳಿದಿರಿ ಎಂದು. ಮೂವತ್ತು ವರ್ಷ ಬೆಂಗಳೂರಿನಲ್ಲಿದ್ದರೂ ಅಪ್ಪನ ಬಾಯಲ್ಲಿ ಗದಗು ಹಾಗೇ ಇದೆ.

"ನಾ ಏನೂ ಕೇಳಿಲ್ಲವಾ," ಎಂದರು. "ನಿನ್ನ ಪುಸ್ತಕ ಅಷ್ಟ ಕಳಿಸೀನಿ."

ಯಾವ ಪುಸ್ತಕ ಎಂದೆ. ಅಪ್ಪ ಎದ್ದು ಹೋಗಿ ಬೀರುವಿನಿಂದ ತಂದು ತೋರಿಸಿದರು. ನನ್ನ ವರದಿ. ವಿಜಯನಗರದ ಜೆರಾಕ್ಸ್ ಅಂಗಡಿಯಲ್ಲಿ ಮೂರು ಪ್ರತಿ ಮಾಡಿಸಿ, ಮೇಲೊಂದು ಪ್ಲಾಸ್ಟಿಕ್ ಹೊದಿಕೆ, ಪಕ್ಕಕ್ಕೆ ಸುರುಳಿ ಬೈಂಡಿಂಗ್ ಹಾಕಿಸಿದ್ದರು. ಹೊದಿಕೆಯ ಮೇಲೆ ದಪ್ಪ ಅಕ್ಷರದಲ್ಲಿ, ಕುಮಾರಿ ಸೌಂದರ್ಯಾ ರೇವಣಸಿದ್ದಪ್ಪ, ಎಂ.ಕಾಂ. ಎಂದು ಬರೆಸಿದ್ದರು. ಅದರಲ್ಲೊಂದನ್ನು ದುಂಡೇಶನ ಕೈಯಲ್ಲಿ ಶಿವಕಿರಣನ ಮನೆಗೆ ಕಳಿಸಿದ್ದಾರೆ.

ಇದರ ಹಿಂದಿನ ಕಥೆಯನ್ನು ಅವ್ವ ಹೇಳಿದಳು. ನಮ್ಮ ಕಡೆ ಹಿಂದೆ ಹೆಣ್ಣು ನೋಡಿಹೋದ ಮೇಲೆ ಹುಡುಗಿಯ ಕೈಕೆಲಸ ಗಂಡಿನ ಮನೆಗೆ ಹೋಗುತ್ತಿತ್ತು. ಅವ್ವ ಮಾಡಿದ್ದ ಕಸೂತಿ ದಿಂಬಿನ ಚೀಲ ಹಾಗೇ ಅಪ್ಪನ ಮನೆಗೆ ಹೋಗಿತ್ತು. ಅದನ್ನು ಅಜ್ಜಿ ಹತ್ತು ಮನೆಗೆ ತೋರಿಸಿ ಬಂದಿದ್ದಳಂತೆ. ನನಗೆ ಸೂಜಿ ಹಿಡಿಯಲು ಬರುವುದಿಲ್ಲ. ನನ್ನ ಕೈಕೆಲಸ ಎಂದರೆ ಇದೇ ಎಂದು ಅಪ್ಪ ನಿರ್ಧರಿಸಿದ್ದರು. ಕೈಕೆಲಸವನ್ನು ಯಾರೂ ಓದುವುದಿಲ್ಲ, ನೋಡುತ್ತಾರೆ. ಹಾಗಾಗಿ ಅವರೂ ಓದಿರಲಿಲ್ಲ. ಮೊದಲನೆಯ ಪುಟ, ಕೊನೆಯ ಪುಟ, ನಡುವೆ ಅಂದವಾದ ಕೋಷ್ಟಕಗಳು. ಮಗಳು ಇಷ್ಟೆಲ್ಲ ಬರೆದಿದ್ದಾಳೆ ಎಂಬ ಹೆಮ್ಮೆ.

ಅವನು ಕೆಲಸ ಮಾಡುವ ಕಂಪನಿಯನ್ನೇ ಅದರಲ್ಲಿ ಬೈದಿದೆ ಎಂದು ಗೊತ್ತಿರಲಿಲ್ಲವೇ ಎಂದು ಕೂಗಿದೆ. ಅಪ್ಪ ನಿಜಕ್ಕೂ ಆಶ್ಚರ್ಯಪಟ್ಟರು.

"ಬೈದಿದ್ದು ಕಂಪನೀನ. ಅದು ಆ ಹುಡುಗಗ ಯಾಕ ಹತ್ತಬೇಕು? ಮೂವತ್ತೆರಡು ವರ್ಷ ನಮ್ಮ ಇಲಾಖೇನ ಊರ ಮಂದಿಯೆಲ್ಲಾ ಬೈದಾರ. ನನಗ ಒಂದ ದಿನಾನೂ ಹತ್ತಿಲ್ಲ."

ಇಂಥವರ ಜೊತೆ ಏನು ಮಾತಾಡುವುದು? ಸರ್ಕಾರಿ ನೌಕರಿ ಎಂಥ ಚರ್ಮ ಕೊಡುತ್ತದೆ ಎಂದು ಅವತ್ತು ತಿಳಿಯಿತು. ಅಪ್ಪ, ದುಂಡೇಶ, ಜೆರಾಕ್ಸ್ ಅಂಗಡಿಯವ, ಪಾರ್ಕಿನ ಎಂಟೂ ಜನ, ಎಲ್ಲರನ್ನೂ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ಬೈದೆ. ಆರನೇ ಪುಟ ನೆನಪಾದದ್ದು ಅರ್ಧ ಗಂಟೆಯ ಮೇಲೆ. ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದವಳು ಹಾಗೇ ನಿಂತುಬಿಟ್ಟೆ.

ಒಂದು ಸಲ ಸಿಗಿ ಎಂದು ಶಿವಕಿರಣನಿಗೆ ಬರೆದೆ. ಅವನು ಇಲ್ಲ ಎನ್ನಲಿಲ್ಲ. ಅದೇ ದರ್ಶಿನಿಗೆ ಬಂದ. ಬ್ಯಾಗಿನಿಂದ ಆ ಸುರುಳಿ ಪುಸ್ತಕ ತೆಗೆದು, ಎತ್ತರದ ಟೇಬಲಿನ ಮೇಲೆ ನೀರು ಇಲ್ಲದ ಜಾಗ ನೋಡಿ ಇಟ್ಟ. ಎರಡು ಕಾಫಿ ತಂದ. ನಾನು ಮೊದಲು ಬಾಯಿ ತೆರೆದೆ. ಅಪ್ಪ ಇದನ್ನು ಯಾಕೆ ಕಳಿಸಿದರು, ಪಾರ್ಕಿನವರು ಎಂಥವರು, ದುಂಡೇಶ ಎಂಥವನು ಎಂದು ಎಲ್ಲರ ತಪ್ಪನ್ನೂ ವಿವರವಾಗಿ ಹೇಳಿದೆ. ಅವನು ಕೇಳಿಸಿಕೊಂಡ. ಕಸೂತಿಯ ಕಥೆಗೆ ಸ್ವಲ್ಪ ನಕ್ಕ. ಆಮೇಲೆ, ಅಂಕಿಗಳೆಲ್ಲ ಸರಿ ಇವೆ, ತಮ್ಮ ಕಂಪನಿಯವರೇ ತಮ್ಮ ಸ್ಥಿತಿಯನ್ನು ಇಷ್ಟು ಬಿಡಿಸಿ ಹೇಳುವುದಿಲ್ಲ, ತನ್ನ ಕೈಯಲ್ಲಿ ದುಡ್ಡಿದ್ದರೆ ತಾನೂ ನಕ್ಷೆಗೇ ಹಾಕುತ್ತಿದ್ದೆ ಎಂದ. ಹೋದ ಜೀವ ಸ್ವಲ್ಪ ವಾಪಸು ಬಂತು.

ಅವನು ಆರನೇ ಪುಟ ತೆರೆದು ನನ್ನ ಕಡೆ ತಿರುಗಿಸಿದ. ಆ ಕೊನೆಯ ಸಾಲಿನ ತುದಿಗೆ ಪೆನ್ಸಿಲಿನಲ್ಲಿ ಪುಟ್ಟದಾಗಿ ೪೨ ಎಂದು ಬರೆದಿತ್ತು. ಪುಟದ ಕೆಳಗೆ, ನನ್ನ ಅಡಿಟಿಪ್ಪಣಿಗಳ ಸಾಲಿನಲ್ಲೇ, ಇನ್ನೊಂದು ೪೨. ಅದರ ಮುಂದೆ ಏನೂ ಇರಲಿಲ್ಲ.

"ಇದೊಂದಕ್ಕೆ ಮೂಲ ಕೊಟ್ಟಿಲ್ಲ ನೀವು," ಎಂದ.

ಆ ಹೊತ್ತಿಗೂ ನನಗೆ ಬುದ್ಧಿ ಬರಲಿಲ್ಲ. ವಾದಕ್ಕೆ ನಿಂತೆ.

"ಅದು ನಿಮ್ಮ ಬಗ್ಗೆ ಬರೆದಿದ್ದಲ್ಲ. ಆಗ ನೀವು ನಂಗೆ ಗೊತ್ತೇ ಇರ್ಲಿಲ್ಲ."

"ಹೌದು. ಗೊತ್ತೇ ಇಲ್ದೋರ ಬಗ್ಗೆ ಬರೆದಿದ್ರಿ. ಭಯ ಆಗಿದ್ದು ಅದಕ್ಕೇ."

ಅವನು ಏರುದನಿಯಲ್ಲಿ ಮಾತಾಡಲಿಲ್ಲ. ತಂಡದಲ್ಲಿ ಈಗ ಹತ್ತೊಂಬತ್ತು ಜನ ಇದ್ದಾರೆ ಎಂದ. ಅವರಲ್ಲಿ ಹದಿಮೂರು ಜನಕ್ಕೆ ಬೇರೆ ಕಡೆಯಿಂದ ಕರೆ ಬಂದಿತ್ತಂತೆ. ಅವನಿಗೇ ನಕ್ಷೆಯಿಂದ ಎರಡು ಸಲ ಬಂದಿತ್ತು, ಎರಡನೇ ಸಲ ಸಂಬಳ ಹತ್ತಿರ ಹತ್ತಿರ ದುಪ್ಪಟ್ಟು. ಹೋಗಲಿಲ್ಲ. ತ್ಯಾಗ ಗೀಗ ಏನೂ ಅಲ್ಲ, ಹಟ ಅಷ್ಟೇ ಎಂದ. ಆ ಚಿಪ್ ಕೆಲಸ ಮಾಡುವುದನ್ನು ಒಂದು ಸಲ ನೋಡಿ ಆಮೇಲೆ ಎಲ್ಲಿಗಾದರೂ ಹೋಗೋಣ ಎಂದು ಅವರೆಲ್ಲ ಮಾತಾಡಿಕೊಂಡಿದ್ದರಂತೆ. ಗಿರಿರಾಜ್ ಎಂಬ ಹಿರಿಯರು ಇದ್ದಾರೆ, ಅವರು ಕರೆ ಬಂದಾಗಲೆಲ್ಲ ಫೋನ್ ಸ್ಪೀಕರಿಗೆ ಹಾಕಿ ಎಲ್ಲರಿಗೂ ಕೇಳಿಸಿ, ಆಮೇಲೆ ಇಲ್ಲ ಎನ್ನುತ್ತಾರೆ ಎಂದು ಹೇಳುವಾಗ ಮತ್ತೆ ನಕ್ಕ. ಟೆರೇಸಿನ ಮೇಲೆ ನಕ್ಕ ಹಾಗೇ ಇತ್ತು ಆ ನಗು.

ಆ ಸಾಲು ತೆಗೆದುಹಾಕುತ್ತೇನೆ ಎಂದೆ. ತೆಗೆದರೆ ವರದಿಗೆ ಒಳ್ಳೆಯದು ಎಂದ. ಆಮೇಲೆ ಲೋಟದ ತಳದ ಕಾಫಿಯನ್ನು ನೋಡುತ್ತ ಹೇಳಿದ:

"ನಾನು ಮತ್ತೆ ಸೋಲ್ತೀನಿ ಸೌಂದರ್ಯಾ. ಆಫೀಸಲ್ಲೋ ಮನೇಲೋ, ನಾಲ್ಕು ಸಲ ಸೋಲ್ತೀನಿ. ಆಗ ನೀವು ಇಷ್ಟೇ ಚೆನ್ನಾಗಿ ಒಂದು ಸಾಲು ಹೇಳ್ತೀರಿ. ನಂಗೆ ಅದನ್ನ ಕೇಳಿಸ್ಕೊಂಡು ಇರೋಕಾಗಲ್ಲ."

ಪುಸ್ತಕವನ್ನು ಮುಚ್ಚಿ ನನ್ನ ಕಡೆ ಸರಿಸಿದ. ಬೈಂಡಿಂಗಿಗೆ ನಿಮ್ಮ ತಂದೆ ಖರ್ಚು ಮಾಡಿದ್ದಾರೆ, ವಾಪಸು ಕೊಟ್ಟುಬಿಡಿ ಎಂದ. ಮೆಟ್ರೊ ಕಡೆಗೆ ಹೋದ. ಇಷ್ಟು ಹೊತ್ತಿನಲ್ಲಿ ನನ್ನ ಪರವಾಗಿ ಕ್ಷಮಿಸಿ ಎಂಬ ಒಂದು ಪದ ನನ್ನ ಬಾಯಿಂದ ಬಂದಿರಲಿಲ್ಲ. ಅಪ್ಪನ ಪರವಾಗಿ, ದುಂಡೇಶನ ಪರವಾಗಿ ಎರಡೆರಡು ಸಲ ಕೇಳಿದ್ದೆ.

ಮನೆಯಲ್ಲಿ ಅವ್ವನಿಗೆ ಮಾತ್ರ, ಆಗುವುದಿಲ್ಲ ಎಂದೆ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಎಂದು ಅವಳು ಯಾರಿಗೂ ಅಲ್ಲ ಎಂಬಂತೆ ಹೇಳಿ ಸುಮ್ಮನಾದಳು.

ಅಪ್ಪ ಸುಮ್ಮನಾಗುವ ಜಾತಿಯಲ್ಲ. ಇನ್ನೂ ಎರಡು ಪ್ರತಿ ಇದ್ದವಲ್ಲ, ಒಂದನ್ನು ದುಂಡೇಶನ ನಲವತ್ತೈದು ಲಕ್ಷಕ್ಕೆ ಕಳಿಸಿದರು. ಆ ಹುಡುಗನ ಹೆಸರು ಚನ್ನವೀರೇಶ್. ಕೆಲಸ ನಕ್ಷೆಯಲ್ಲಿ. ಪಾರ್ಕಿನಲ್ಲಿ ಹಬ್ಬ. ಕಂಪನಿ ಬೆಳೆಯುತ್ತಿದೆ, ಲಾಭ ಹೆಚ್ಚುತ್ತಿದೆ, ಮಗಳೇ ಬರೆದಿದ್ದಾಳೆ, ಇನ್ನೇನು ವಿಚಾರಿಸುವುದು? ಕೊಟ್ರಪ್ಪನವರು ಮಾತ್ರ ಸ್ವಂತ ಗಿರಣಿ ಇಲ್ಲದ ಮನೆ ಎಂದು ಮುಖ ಗಂಟು ಹಾಕಿದರಂತೆ. ನಾನು ಬೇಡ ಎಂದೆ. ನೋಡಿದರೆ ಗಂಟೇನು ಹೋಗುತ್ತದೆ ಎಂದರು ಅಪ್ಪ. ನನಗೂ ಎಲ್ಲದರ ಮೇಲೂ ಬೇಸರ ಬಂದಿತ್ತು, ಬರಲಿ ಬಿಡಿ ಎಂದೆ.

ಚನ್ನವೀರೇಶ್ ಬಂದ. ಕಾರನ್ನು ಎದುರು ಮನೆಯವರ ಗೇಟಿಗೆ ಅಡ್ಡ ನಿಲ್ಲಿಸಿ ಬಂದ. ಕಂಪನಿಯ ಮಾರಾಟ ಇಪ್ಪತ್ತು ಪಟ್ಟಾಗಿದ್ದಕ್ಕೆ ತಾನೇ ಕಾರಣ ಎಂಬ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತ. ಅವ್ವ ಕೊಟ್ಟ ಚಹಾದ ಕಪ್ಪನ್ನು ಕಸೂತಿಯ ಮೇಲೆ, ಗೋಪುರದ ಚಿತ್ತಾರದ ನಡುವೆ, ಸಾಸರ್ ಇಲ್ಲದೆ ಇಟ್ಟ. ಆಮೇಲೆ ನನ್ನ ಕಡೆ ತಿರುಗಿ, ವರದಿ ಪೂರ್ತಿ ಓದಿದೆ ಎಂದ. ಅಷ್ಟಾದರೂ ಓದಿದ್ದಾನಲ್ಲ ಎಂದು ಒಂದು ಕ್ಷಣ ಅವನ ಮೇಲೆ ಗೌರವ ಬಂತು.

"ಪೇಜ್ ಸಿಕ್ಸ್ ಅಂತೂ ಬೆಂಕಿ," ಎಂದ. "ಇನ್ನೂ ಅಲ್ಲೇ ಕೂತಿರುವವರು ಬೇರೆಲ್ಲೂ ಯಾರೂ ಕರೆಯದವರು. ನಮ್ಮ ಟೀಮ್ ಗ್ರೂಪಲ್ಲಿ ಹಾಕ್ದೆ, ಎಲ್ರೂ ಬಿದ್ದು ಬಿದ್ದು ನಕ್ರು."

ಬಾಯಿಪಾಠ ಮಾಡಿದ್ದ. ನಿಲ್ಲಿಸಬೇಕಾದ ಕಡೆ ನಿಲ್ಲಿಸಿ, ತುಟಿಯ ಒಂದು ಮೂಲೆ ಎತ್ತಿ ಹೇಳಿದ. ಆ ಸಾಲನ್ನು ಹೇಗೆ ಹೇಳಬೇಕೋ ಹಾಗೇ ಹೇಳಿದ. ಬರೆದಾಗ ನನ್ನ ಮುಖವೂ ಹಾಗೇ ಇದ್ದಿರಬೇಕು. ಇವನನ್ನು ಕಂಡು ನನಗೆ ಹೇಸಿಗೆಯಾಯಿತು. ಅವನು ಹೇಳುತ್ತಿದ್ದದ್ದು ನನ್ನದೇ ಮಾತಾಗಿತ್ತು, ಹಾಗಾಗಿ ಆ ಹೇಸಿಗೆಯನ್ನು ಪೂರ್ತಿ ಅವನ ಮೇಲೆ ಹಾಕಲೂ ಆಗಲಿಲ್ಲ.

ಆ ಮೆಸೇಜು ಎಲ್ಲೆಲ್ಲಿ ಹೋಗಿದೆ ಎಂದು ಕೇಳಿದೆ. ಫಾರ್ವರ್ಡ್ ಅಲ್ಲವೇ, ಆ ಟೀಮಿಗೂ ಹೋಗಿರುತ್ತದೆ ಬಿಡಿ ಎಂದು ನಕ್ಕ. ಹತ್ತೊಂಬತ್ತು ಜನ. ಸ್ಪೀಕರಿಗೆ ಹಾಕಿ ಇಲ್ಲ ಎನ್ನುವ ಗಿರಿರಾಜ್. ಇದನ್ನು ಬರೆದವಳು ಯಾರು ಎಂದು ಅವರಲ್ಲಿ ಒಬ್ಬನಿಗೆ ಮಾತ್ರ ಗೊತ್ತು, ಅವನು ಯಾರಿಗೂ ಹೇಳಿರಲಿಕ್ಕಿಲ್ಲ.

"ಆ ಸಾಲಿಗೆ ಮೂಲ ಇಲ್ಲ," ಎಂದೆ.

"ಅಂದ್ರೆ?"

"ಸುಳ್ಳು ಅಂತ."

ಚನ್ನವೀರೇಶ್ ಚಹಾ ಮುಗಿಸಿದ. ಸುಳ್ಳಾದರೇನು, ಬರೆದಿರುವ ಸ್ಟೈಲ್ ಮುಖ್ಯ ಎಂದ. ಹೊರಡುವಾಗ ಅಪ್ಪನಿಗೆ, ತನಗೆ ಒಪ್ಪಿಗೆ ಎಂದು ಹೇಳಿಯೇ ಹೋದ.

ಅವನು ಹೋದ ಮೇಲೆ ಅಪ್ಪ ನನ್ನ ಮುಂದೆ ಕೂತು ಉತ್ತರಕ್ಕೆ ಕಾದರು. ನಾನು ಒಳಗೆ ಹೋಗಿ ಶಿವಕಿರಣ್ ವಾಪಸು ಕೊಟ್ಟಿದ್ದ ಪ್ರತಿಯನ್ನು ತಂದೆ. ಆರನೇ ಪುಟ ತೆರೆದೆ. ಪೆನ್ಸಿಲಿನ ೪೨ ಅಲ್ಲೇ ಇತ್ತು, ಮುಂದೆ ಖಾಲಿ ಜಾಗ. ಮೂರು ವಾರದಿಂದ ಅಲ್ಲಿ ಏನು ಬರೆಯಬೇಕು ಎಂದು ಹುಡುಕುತ್ತಿದ್ದೆ. ಊಹೆ ಎಂದು ಬರೆಯಬಹುದಿತ್ತು, ಮಾರುಕಟ್ಟೆಯ ಮಾತು ಎಂದೂ ಬರೆಯಬಹುದಿತ್ತು, ನಮ್ಮ ಕಸುಬಿನಲ್ಲಿ ಅಂಥ ಪದಗಳು ಬೇಕಾದಷ್ಟಿವೆ. ಪೆನ್ನು ತೆಗೆದುಕೊಂಡು ಬರೆದೆ: 'ಮೂಲ: ಬರೆದವಳ ಸೊಕ್ಕು.'

ಆ ಪುಟದ ಫೋಟೊ ತೆಗೆದು ಶಿವಕಿರಣನಿಗೆ ಕಳಿಸಿದೆ. ಕೆಳಗೆ, ಕ್ಷಮಿಸಿ ಎಂದು ಬರೆದೆ. ಪುಸ್ತಕವನ್ನು ಅಪ್ಪನ ಕೈಗೆ ಕೊಟ್ಟು, ಇನ್ನು ಮುಂದೆ ಯಾರಿಗಾದರೂ ಕಳಿಸುವುದಿದ್ದರೆ ಇದನ್ನೇ ಕಳಿಸಿ, ಬೇರೆಯದನ್ನು ಹರಿದುಹಾಕಿ ಎಂದೆ. ಅಪ್ಪ ಸುರುಳಿ ಸಡಿಲಾಗಿದೆಯೇ ಎಂದು ಬೆರಳಾಡಿಸಿ ನೋಡಿದರು, ತೆರೆದು ನೋಡಲಿಲ್ಲ.

ಅವ್ವ ಕಸೂತಿಯ ಮೇಲಿನ ಚಹಾದ ಕಲೆ ತೊಳೆಯಲು ಬಟ್ಟೆ ಎತ್ತಿಕೊಂಡವಳು ಅದನ್ನು ಹೆಗಲ ಮೇಲೆ ಹಾಕಿಕೊಂಡು, ಅಪ್ಪನ ಕೈಯಿಂದ ಪುಸ್ತಕ ಇಸಿದುಕೊಂಡಳು. ಕನ್ನಡಕ ಹಾಕಿಕೊಂಡು ಆರನೇ ಪುಟವನ್ನು ಬೆರಳಿಟ್ಟು ಓದಿದಳು. ಮೇಲಿನ ಸಾಲು ಓದಿದಳು, ಕೆಳಗಿನ ೪೨ ಓದಿದಳು, ಮತ್ತೆ ಮೇಲಿನದನ್ನು ಓದಿದಳು.

"ಆ ದಾವಣಗೆರಿ ಹುಡುಗ ಇದನ್ನ ಓದಿದ್ದನೇನ?"

ಹೂಂ ಎಂದೆ.

"ಓದಿ ನಿನಗ ಬೈಲಿಲ್ಲೇನು?"

ಇಲ್ಲ ಎಂದೆ. ಅವ್ವ ಪುಸ್ತಕ ಮುಚ್ಚಿದಳು.

"ಬೈಲಿಲ್ಲಂದ್ರ ಭಾಳ ನೊಂದಾನ," ಎಂದಳು, ಬಟ್ಟೆ ತೊಳೆಯಲು ಹಿತ್ತಲಿಗೆ ಹೋದಳು.

ನಾನು ಫೋನ್ ನೋಡಿದೆ. ಕ್ಷಮಿಸಿ ಎಂಬುದರ ಪಕ್ಕದ ಎರಡು ಟಿಕ್ ಗುರುತುಗಳು ನೀಲಿಯಾಗಿದ್ದವು. ಅವನು ಓದಿದ್ದ. ಉತ್ತರ ಬಂದಿರಲಿಲ್ಲ.